ಅವಲಕ್ಕಿ ಡಬ್ಬಿ ಉಳಿಸಿದ ದನಿ

ಅದು ೨೦೦೪ನೇ ಇಸವಿ. ನಿಮ್ಮ ಅಜ್ಜ ತೀರಿಕೊಂಡು ವರ್ಷ ತುಂಬಿತ್ತು. ಪುಣೆಯ ನಮ್ಮ ಮನೆಯ ಹಳೆಯ ಕಂಪ್ಯೂಟರಿಗೆ ವೈರಸ್ ಹತ್ತಿತು. ಮಕ್ಕಳೇ, ನೀವಿಬ್ಬರೂ ಶಾಲೆಗೆ ಹೋಗಿದ್ದಿರಿ. ನಿಮ್ಮ ಅಮ್ಮ ಖರಾಡಿಯ ಆಫೀಸಿಗೆ ಹೊರಡುತ್ತ, "ರಿಪೇರಿಯವ್ರು ಬರ್ತಾರ ಅತ್ತಿ. ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡ್ರಿ ಅಂತ ಹೇಳೇನಿ. ನೀವು ಚಹಾ ಕೊಟ್ರ ಸಾಕು" ಎಂದಳು.

ಬಂದವರು ಸೊಲ್ಲಾಪುರದ ಕಡೆಯವರು, ಕನ್ನಡ ಮಾತಾಡುತ್ತಿದ್ದರು. "ಇದರಾಗಿಂದೆಲ್ಲಾ ಹೋಗ್ತದ ನೋಡ್ರಿ" ಎಂದಾಗಲೇ ನನಗೆ ನೆನಪಾಯಿತು. ನಿಮ್ಮ ಅಜ್ಜ ಮೈಕ್ ಹಿಡಿದು ನಿಮಗಾಗಿ ಹೇಳಿದ ಕಥೆ ಅದರೊಳಗಿತ್ತು. ಅವರ ದನಿ ಬೇರೆಲ್ಲೂ ಉಳಿದಿರಲಿಲ್ಲ. ನಿಮ್ಮ ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಫೋನ್ ಮಾಡಿದರೆ ಅವಳದೂ ಬಂದ್, ನಿಮ್ಮ ಅಪ್ಪನದೂ ಬಂದ್.

"ಒಂದು ಉಳಿಸ್ರಿ" ಎಂದೆ.

"ಎಲ್ಲಾ ಉಳಿಸಿದ್ರ ವೈರಸ್ಸೂ ಉಳೀತದ. ಯಾವ ಫೋಲ್ಡರ್ ಅಂತ ಹೆಸರು ಹೇಳ್ರಿ, ಅದಷ್ಟ ಸಿಡಿಗೆ ಹಾಕ್ತೀನಿ."

ಅಲ್ಲೇ ತೊಡಕಾಯಿತು. ಕೊಡೆಯಿಂದ ಕುರ್ಚಿಯವರೆಗೆ ಎಲ್ಲದಕ್ಕೂ ತಮ್ಮ ಹೆಸರು ಹಾಕುವ ನಿಮ್ಮ ಅಜ್ಜ ಫೋಲ್ಡರಿಗೂ ಅದನ್ನೇ ಇಟ್ಟಿದ್ದರು. ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ನಮ್ಮಲ್ಲಿಲ್ಲ. ತೋರಿಸೋಣವೆಂದರೆ ಪರದೆಯ ಮೇಲೆ ಬರೀ ಇಂಗ್ಲಿಷು, ನನಗೆ ಓದಲು ಬಾರದು. ಕನ್ನಡದಲ್ಲಿ ಬರೆದುಕೊಟ್ಟೆ.

ಚೀಟಿಯನ್ನು ತಿರುಗಿಸಿ ನೋಡಿದರು. "ನಾ ಮರಾಠಿ ಸಾಳಿ ಕಲ್ತಾಂವ ಆಯಿ, ಕನ್ನಡ ಓದಾಕ ಬರಂಗಿಲ್ಲ."

"ಕೊಳಲು ಊದೋ ದೇವರ ಹೆಸರು."

"ಕೃಷ್ಣ? ಗೋಪಾಳ? ಶ್ಯಾಮ?"

ಎಲ್ಲಕ್ಕೂ ಅಲ್ಲವೆಂದು ತಲೆಯಾಡಿಸಿದೆ.

"ಆಯಿ, ಆ ದೇವ್ರಿಗೆ ಸಾವಿರ ಹೆಸರ ಅದಾವ! ನಾ ಏನ್ ಪೂಜಾಕ್ಕ ಬಂದೇನೇನ್ರಿ? ನಾಚಿಕಿ ಆದ್ರ ಒಡಪು ಹಾಕಿ ಹೇಳ್ರಿ."

ಮುತ್ತೈದೆಯರು ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವುದು ಒಡಪು. ಮದುವೆಯಲ್ಲೇ ನಾಚಿ ಅರ್ಧಕ್ಕೆ ಬಿಟ್ಟವಳು ನಾನು. ಈ ಮನುಷ್ಯನಿಗೆ ನನ್ನ ಬರಿ ಹಣೆ ಕಾಣುವುದಿಲ್ಲವೇ ಎಂದು ಸಿಟ್ಟು ಬಂತು. ಆ ಯಂತ್ರದ ಮೇಲೂ ಬಂತು. ನೆಟ್ಟಗೆ 'ಕಥೆ' ಎಂದು ಹೆಸರಿಡದ ನಿಮ್ಮ ಅಜ್ಜನ ಮೇಲಂತೂ ಎಲ್ಲಕ್ಕಿಂತ ಹೆಚ್ಚು.

"ಇನ್ನೊಂದು ಮನಿಗೆ ಹೋಗಬೇಕ್ರಿ, ಶುರು ಮಾಡ್ತೀನಿ" ಎಂದು ರಿಪೇರಿಯವರು ಕೀಲಿಮಣೆಗೆ ಕೈ ಹಾಕಿದರು.

"ತಡೀರಿ!" ಎಂದು ಕೂಗಿದೆ. ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲಿರಬೇಕು. ಅಡಿಗೆಮನೆಗೆ ಓಡಿ ಅವಲಕ್ಕಿ ಡಬ್ಬಿಯ ಮುಚ್ಚಳ ತಂದು ಅವರ ಮುಂದಿಟ್ಟೆ. ಪುಣೆಯ ಪಾತ್ರೆ ಅಂಗಡಿಯಲ್ಲಿ ಕೊಂಡ ಡಬ್ಬಿ ಅದು. ಅಂಗಡಿಯವರು ನಿಮ್ಮ ಅಜ್ಜನ ಹೆಸರನ್ನು ಮರಾಠಿ ಅಕ್ಷರದಲ್ಲಿ ಕೊರೆದು ಕೊಟ್ಟಿದ್ದರು.

"ಹಾಂ! ಹಿಂಗ ಹೇಳ್ರಲಾ ಮತ್ತ!" ಎಂದು ಓಣಿಗೆಲ್ಲ ಕೇಳುವಂತೆ ಓದಿದರು. ಫೋಲ್ಡರ್ ಸಿಕ್ಕಿತು. ಅದೇ ಹೌದೋ ಅಲ್ಲವೋ ನೋಡಲೆಂದು ಅದನ್ನು ಹಚ್ಚಿದರು. ನರಿಯ ಕಥೆ ಶುರುವಾಯಿತು. ನರಿ ಬಾವಿಗೆ ಬೀಳುವಷ್ಟರಲ್ಲಿ ನಿಮ್ಮ ಅಜ್ಜ ಕಥೆ ನಿಲ್ಲಿಸಿ ಗದರಿದರು: "ಏ, ಚಹಾ ಆತೇನು? ಎಷ್ಟೊತ್ತು?"

"ಚಹಾ ತರ್ತೀನಿ, ತಡೀರಿ" ಎಂದು ನಾನು ಎದ್ದೇಬಿಟ್ಟೆ.

ರಿಪೇರಿಯವರು ನಗಲಿಲ್ಲ. ಕಥೆಯನ್ನು ಸಿಡಿಗೆ ಹಾಕಿ, ಆಮೇಲೆ ಫಾರ್ಮ್ಯಾಟ್ ಮಾಡಿದರು.

ತೀರಿಹೋದ ಮೇಲೂ ಚಹಾದ ಅವಸರ ಬಿಡದ ಮನುಷ್ಯ ನಿಮ್ಮ ಅಜ್ಜ! ಆ ಸಿಡಿ ನನ್ನ ಕಪಾಟಿನಲ್ಲಿದೆ ಮಕ್ಕಳೇ, ಬೇಕಾದಾಗ ಹಚ್ಚಿಕೊಂಡು ಕೇಳಿ. ಆದರೆ ನರಿ ಬಾವಿಯ ಹತ್ತಿರ ಬಂದಾಗ ದನಿ ತುಸು ತಗ್ಗಿಸಿ. ಈಗಲೂ ನಾನು ಏಳಲು ಹೋಗುತ್ತೇನೆ, ಮೊಣಕಾಲು ಕೇಳುವುದಿಲ್ಲ.