ಸಮುದ್ರದ ಪಂಪಿಗೆ ಆಯುಧಪೂಜೆ

ಚಾಮರಾಜಪೇಟೆಯಲ್ಲಿ ಕಾಫಿಪುಡಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಕಾಫಿಬೀಜ ಪುಡಿಮಾಡುವ ಯಂತ್ರ ಶುರುವಾದರೆ ನನ್ನ ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳುತ್ತಿತ್ತು. ಅಂಥ ಕಡೆ ಕೂತು ನಾವು ಮಾಡುತ್ತಿದ್ದ ಕೆಲಸವೆಂದರೆ, ಮುಂಬಯಿಯಾಚೆ ಕಡಲ ನಡುವೆ ನಿಂತಿದ್ದ ತೈಲ ತೆಗೆಯುವ ಪ್ಲಾಟ್‌ಫಾರ್ಮಿನ ಯಂತ್ರಗಳ ನಡುಕ ಪರೀಕ್ಷಿಸುವುದು. ಇದಕ್ಕೆ ನಾವೇ ನಗುತ್ತಿದ್ದೆವು.

ಓಡುವ ಯಂತ್ರವನ್ನು ನಿಲ್ಲಿಸದೆ, ಬಿಚ್ಚದೆ, ಒಳಗೆ ಏನು ಕೆಟ್ಟಿದೆ ಎಂದು ಹೇಳಬೇಕು. ಗಾಂಧಿ ಬಜಾರಿನಲ್ಲಿ ತೆಂಗಿನಕಾಯಿ ತಟ್ಟಿ ನೋಡಿ ಕೊಳ್ಳುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಪ್ಲಾಟ್‌ಫಾರ್ಮಿನ ಟೆಕ್ನಿಷಿಯನ್, ಪಂಪಿನ ಮೈಮೇಲೆ ಉಜ್ಜಿ ನುಣುಪು ಮಾಡಿದ್ದ ಒಂದು ಜಾಗಕ್ಕೆ ಅಯಸ್ಕಾಂತದ ಸೆನ್ಸರ್ ಅಂಟಿಸಿ ನಡುಕವನ್ನು ದಾಖಲಿಸಿ ಕಳಿಸುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ಅದರ ಗೆರೆ ಓದುತ್ತಿದ್ದೆ. ಅವರು ಹನುಮಂತನಗರದವರು, ಆದರೂ ನಮ್ಮ ಪರಿಚಯವೆಲ್ಲ ಫೋನಿನಲ್ಲೇ. ನಾನಂತೂ ಸಮುದ್ರವನ್ನು ಮದುವೆಯಾದ ಹೊಸದರಲ್ಲಿ ದಡದಿಂದ ನೋಡಿದವಳು, ಅಷ್ಟೆ.

ಆ ವರ್ಷ ನವರಾತ್ರಿಗೆ ಮುಂಚೆ ಒಂದು ಪಂಪಿನ ಗೆರೆ ನನಗೆ ಹಿಡಿಸಲಿಲ್ಲ. ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವ ದ್ರವವನ್ನು ತಳ್ಳುವ ಪಂಪು ಅದು. ಒಳಗೆ ತಿರುಗುವ ದಂಡವನ್ನು ಹಿಡಿದಿಡುವ ಬೇರಿಂಗು ಬಿರುಕು ಬಿಟ್ಟಿದೆ, ನಿಲ್ಲಿಸಿ ಬದಲಾಯಿಸಿ ಎಂದು ಬರೆದೆ. ಪಂಪು ನಿಂತರೆ ತೈಲವೂ ನಿಲ್ಲುತ್ತದೆ, ಹಾಗಾಗಿ ಅಲ್ಲಿನ ಮ್ಯಾನೇಜರಿಗೆ ಮನಸ್ಸಿರಲಿಲ್ಲ. ಹಬ್ಬ ಕಳೆಯಲಿ, ಇನ್ನೊಮ್ಮೆ ನೋಡೋಣ ಎಂದರು. ಹಬ್ಬ ಕಳೆದ ಮೇಲೆ ಬಂದ ಗೆರೆಯಲ್ಲಿ ಕಾಯಿಲೆಯ ಸುಳಿವೇ ಇರಲಿಲ್ಲ. ಪಂಪು ಸರಿಹೋಗಿದೆ, ಓಡಿಸುತ್ತೇವೆ ಎಂದು ಅವರು ಹೇಳಿ ಕಳಿಸಿದರು. ನಮ್ಮ ಆಫೀಸಿನ ಯಜಮಾನರೂ ಒಳ್ಳೆಯದೇ ಆಯಿತಲ್ಲ, ಬಿಡಮ್ಮ ಎಂದರು.

ನನಗೆ ಮೈಯೆಲ್ಲ ಉರಿಯಿತು. ಬಿರುಕು ಬಿಟ್ಟ ಬೇರಿಂಗು ನೆಗಡಿಯೇನಲ್ಲ, ತಾನಾಗಿ ವಾಸಿಯಾಗಲು. ಅದು ಮುರಿದರೆ ದ್ರವ ಹೊರಗೆ ಚಿಮ್ಮುತ್ತದೆ, ಬೆಂಕಿ ಬಿದ್ದರೆ ಓಡಿಹೋಗಲು ಸುತ್ತ ನೀರು ಬಿಟ್ಟರೆ ಏನೂ ಇಲ್ಲ. ಭಯವಾಯಿತು. ಮೊದಲು ಓದಿದ್ದೇ ತಪ್ಪೋ ಏನೋ ಎಂಬ ಅನುಮಾನ ಬೇರೆ. ಡಬ್ಬಿಯ ಚಿತ್ರಾನ್ನ ಹಾಗೇ ಉಳಿಯಿತು.

ಮತ್ತೆ ಗೆರೆ ನೋಡಲು ಕೂತೆ. ಪರದೆಯ ಮೂಲೆಯಲ್ಲಿ ಆಯುಧಪೂಜೆಯಂದು ನಾನೇ ಇಟ್ಟ ಗಂಧ ಕುಂಕುಮ ಒಣಗಿ ಕೂತಿತ್ತು. ಗೆರೆಯ ತುದಿ ಕಾಣದೆ ಸೆರಗಿನಿಂದ ಒರೆಸುತ್ತಿದ್ದವಳ ಕೈ ಅಲ್ಲೇ ನಿಂತಿತು. ತಕ್ಷಣ ಪ್ಲಾಟ್‌ಫಾರ್ಮಿಗೆ ಫೋನ್ ಮಾಡಿ, ಪಂಪಿಗೆ ಪೂಜೆ ಮಾಡಿದಿರಾ, ಕುಂಕುಮ ಎಲ್ಲಿ ಇಟ್ಟಿರಿ ಎಂದು ಆ ಟೆಕ್ನಿಷಿಯನ್ನರನ್ನು ಕೇಳಿದೆ.

"ಉಜ್ಜಿರೋ ಜಾಗ ಇದ್ಯಲ್ಲ ಮೇಡಂ, ನೀಟಾಗಿತ್ತು, ಅಲ್ಲೇ ಇಟ್ವಿ. ಇಲ್ಲಿ ಕರ್ಪೂರ ಹಚ್ಚೋ ಹಾಗಿಲ್ಲ, ಅದಕ್ಕೆ ಗಂಧಾನೇ ಸ್ವಲ್ಪ ಜಾಸ್ತಿ ಮೆತ್ತಿದ್ವಿ."

ಸೆನ್ಸರನ್ನು ಅದರ ಮೇಲೆಯೇ ಅಂಟಿಸಿದ್ದರು. ಕಬ್ಬಿಣದ ಸಣ್ಣ ನಡುಕವೆಲ್ಲ ಒಣಗಿದ ಗಂಧದಲ್ಲೇ ಅಡಗಿಹೋಗಿತ್ತು. ಒರೆಸಿ ಇನ್ನೊಮ್ಮೆ ಅಳೆಯಿರಿ ಎಂದೆ. ಇಟ್ಟ ಕುಂಕುಮ ಅಳಿಸುವುದೇ ಎಂದು ಅವರು ಹಿಂಜರಿದರು.

"ದೇವರಿಗೆ ನಾನು ಹೇಳ್ಕೋತೀನಿ," ಎಂದೆ. "ನೀವು ಒರೆಸಿ."

ಹೊಸ ಗೆರೆ ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಮ್ಯಾನೇಜರು ಮರುಮಾತಾಡದೆ ಪಂಪು ನಿಲ್ಲಿಸಿದರು. ಬಿಚ್ಚಿದಾಗ ಬೇರಿಂಗು ಚೂರುಚೂರಾಗಿ ಕೈಗೆ ಬಂತಂತೆ.

ಮರುದಿನ ಸಂಜೆ ಟೆಕ್ನಿಷಿಯನ್ ತಾವಾಗಿಯೇ ಫೋನ್ ಮಾಡಿದರು. ಗೆದ್ದ ಖುಷಿಯಲ್ಲಿದ್ದ ನಾನು ಬೇರಿಂಗಿನ ವಿಷಯವನ್ನೇ ಕೇಳತೊಡಗಿದೆ.

"ಮೇಡಂ, ನಾವು ಮಲಗೋ ರೂಮು ಆ ಪಂಪಿನ ಮೇಲ್ಗಡೇನೇ ಇರೋದು," ಎಂದರು.

ಅಲ್ಲಿ ಯಾರ್‍ಯಾರು ಮಲಗುತ್ತೀರಿ ಎಂದು ಕೇಳಿದೆ. ಅವರು ಒಬ್ಬೊಬ್ಬರದೇ ಹೆಸರು ಹೇಳತೊಡಗಿದರು.