ರವದಿಗೆ ಕಡ್ಡಿ ಗೀರದ ವರ್ಷ

ಕಬ್ಬು ಕಡಿದು ಸಾಗಿಸಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಅಂಕಲಿಯ ಆಚೀಚೆ, ಒಣಹಾಕಿದ ಬಿಳಿ ಅಂಗಿಯ ಮೇಲೆ ಕರಿ ಎಳೆಗಳು ಬೀಳತೊಡಗಿದವೆಂದರೆ ಯಾರದೋ ಹೊಲದ ರವದಿಗೆ ಬೆಂಕಿ ಬಿದ್ದಿದೆ ಎಂದೇ ಅರ್ಥ.

ನಾನು ರಾಯಬಾಗದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಬೋರ್ಡಿನ ಮೇಲೆ ಭೂಮಿ ಬರೆದು, ಸುತ್ತ ವಾತಾವರಣದ ಗೆರೆ ಎಳೆದು, ಇದು ಭೂಮಿ ಹೊದ್ದ ಕೌದಿ, ಹಳೆ ಸೀರೆ ಪದರಪದರವಾಗಿ ಹೊಲಿದ ಹೊದಿಕೆ, ಎನ್ನುವುದು ನನ್ನ ಹಳೆಯ ಪಾಠ. ಅದು ಬಿಸಿಲನ್ನು ಒಳಗೆ ಬಿಡುತ್ತದೆ, ನೆಲದಿಂದ ಏಳುವ ಕಾವನ್ನು ಸಲೀಸಾಗಿ ಹೊರಗೆ ಬಿಡುವುದಿಲ್ಲ. ಅದಿಲ್ಲದಿದ್ದರೆ ಹೆಪ್ಪುಗಟ್ಟುತ್ತಿದ್ದೆವು. ಆದರೆ ಕಲ್ಲಿದ್ದಲು, ಡೀಸೆಲ್ ಸುಟ್ಟು ಇಂಗಾಲದ ಡೈಆಕ್ಸೈಡ್ ಸೇರಿಸುತ್ತ ನಾವು ಪದರದ ಮೇಲೆ ಪದರ ಹೊಲಿಯುತ್ತಿದ್ದೇವೆ. ಇಷ್ಟು ಹೇಳಿ ಸಂಜೆ ಮನೆಗೆ ಬಂದರೆ ಸ್ವಾಗತಿಸುವುದು ನಮ್ಮದೇ ಹೊಲದ ಹೊಗೆ.

ಒಕ್ಕಲುತನವೆಲ್ಲ ಅಣ್ಣನದು. ಈ ಸಲ ಧೈರ್ಯ ಮಾಡಿ, ಸುಡುವುದು ಬೇಡ, ಸಾಲುಗಳ ನಡುವೆ ಹಾಸಿಬಿಡೋಣ ಎಂದೆ. ಕೊಳೆತರೂ ಬಹಳಷ್ಟು ಇಂಗಾಲ ಗಾಳಿಗೇ ಹೋಗುತ್ತದೆ, ನಿಜ. ಆದರೆ ಒಂದಿಷ್ಟಾದರೂ ಮಣ್ಣಿನಲ್ಲಿ ಉಳಿಯುತ್ತದೆ, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ತಂಪೂ ಇರುತ್ತದೆ. ಕೌದಿಯ ಪಾಠವನ್ನೂ ಸೇರಿಸಿದೆ. ಅಣ್ಣ ಅಡಿಕೆ ಕತ್ತರಿಸುತ್ತ ಪೂರ್ತಿ ಕೇಳಿದ.

"ಕೌದಿ ಹೊಚ್ಚಿಕೊಂಡ್ರ ಕಾವು ಏರತೈತಿ ಅಂತ ನೀನ ಅಂತಿ. ಮತ್ತ ಹೊಲಕ್ಕ ಕೌದಿ ಹೊಚ್ಚಿದ್ರ ತಂಪ ಹೆಂಗ ಆಗತೈತ್ರಿ, ಸರ?"

ಅಷ್ಟು ವರ್ಷ ಕಲಿಸಿದವನು ಎದ್ದು ಪಠ್ಯಪುಸ್ತಕ ತಿರುವತೊಡಗಿದೆ. ಆದರೂ ಅಣ್ಣ ರಸ್ತೆ ಬದಿಯ ಒಂದು ಎಕರೆ ಬಿಟ್ಟುಕೊಟ್ಟ. ಕೂಳೆ ಚೆನ್ನಾಗಿ ಬಂದರೆ ಮುಂದಿನ ವರ್ಷ ಎಲ್ಲ ಹೊಲಕ್ಕೂ ಇದೇ ಪದ್ಧತಿ. ಬರದಿದ್ದರೆ ನಾನು ಒಕ್ಕಲುತನದ ಮಾತು ಮತ್ತೆಂದೂ ಎತ್ತಬಾರದು.

ಅಂದಿನಿಂದ ದಿನಕ್ಕೊಂದು ಚಿಂತೆ. ಇಲಿ ಸೇರಿದರೆ? ಗೆದ್ದಲು ಹತ್ತಿದರೆ? ಯಾರಾದರೂ ಬೀಡಿ ಎಸೆದರೆ? ದಿನಾ ಮುಂಜಾನೆ ಹೋಗಿ ರವದಿ ಎತ್ತಿ ಮೊಳಕೆ ನೋಡುತ್ತಿದ್ದೆ. ನಾನು ಹೀಗೆ ಇಣುಕುವುದಕ್ಕೇ ಅವು ಹೆದರಿ ಏಳುತ್ತಿಲ್ಲ ಎಂದಳು ಅವ್ವ.

ನಾನು ಹೆದರದೆ ಬಿಟ್ಟ ಒಂದೇ ಸಂಗತಿ ನಮ್ಮವರ ಒಳ್ಳೆಯತನ. ಪಕ್ಕದ ಹೊಲದವರ ರವದಿ ಉಳಿದಿದ್ದರೆ, ಪಾಪ ಪುರಸೊತ್ತಾಗಿಲ್ಲ ಎಂದು ತಾವೇ ಸುಟ್ಟುಕೊಡುವುದು ಇಲ್ಲಿನ ರೂಢಿ. ಒಂದು ಭಾನುವಾರ ನಾನೂ ಅವ್ವನೂ ಹೊಲಕ್ಕೆ ಹೋದಾಗ ಪಕ್ಕದ ಹೊಲದ ಕಾಕಾ ನಮ್ಮ ಬದುವಿನಲ್ಲಿ ಕುಳಿತು ಕಡ್ಡಿ ಗೀರುತ್ತಿದ್ದರು. ನಾನು ಓಡಿದೆ, ರವದಿಯಲ್ಲಿ ಕಾಲು ಸಿಕ್ಕಿ ಬಿದ್ದೆ, ಬಿದ್ದಲ್ಲಿಂದಲೇ ಇಂಗಾಲದ ಡೈಆಕ್ಸೈಡಿನ ಬಗ್ಗೆ ಹೇಳತೊಡಗಿದೆ. ಕಾಕಾ ಮರ್ಯಾದೆಯಿಂದ ಕೇಳಿದರು. ಎಲ್ಲಾ ಖರೇ, ಆದರೆ ಹುಳ ಆಗುತ್ತವಲ್ಲ ಎಂದು ಎರಡನೇ ಕಡ್ಡಿ ತೆಗೆದರು.

ಅಷ್ಟರಲ್ಲಿ ಅವ್ವ ಬಂದು ಕಾಕಾನ ಎದುರು ನಿಂತಳು. ನಾವೂ ಕಾಕಾನ ಮನೆಯವರೂ ಜೈನರು; ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವವರು.

"ತಮ್ಮಾ, ಹುಳ ಸಾಯಬಾರದಂತ ನೀರ ಅರಿವ್ಯಾಗ ಸೋಸಿ ಕುಡಿತೀವಿ. ಹೊಲದಾಗಿನ ಹುಳಕ್ಕ ನಾವ ಬೆಂಕಿ ಹಚ್ಚೂದೇನು?"

ಕಾಕಾ ಕಡ್ಡಿಪೆಟ್ಟಿಗೆಯನ್ನು ಕಿಸೆಗೆ ಹಾಕಿಕೊಂಡರು. ಅವ್ವ ಒಂದೇ ಮಾತಿನಲ್ಲಿ ಗೆದ್ದಿದ್ದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಪ್ಯಾಂಟು ಬೇರೆ ಹರಿದಿತ್ತು.

ಮೇ ತಿಂಗಳಲ್ಲಿ ಹೊಳೆ ಇಳಿಯಿತು, ಹೊಲಕ್ಕೆ ನೀರು ಬಿಡುವ ಪಾಳಿ ದೂರವಾಯಿತು. ಸುಟ್ಟ ಹೊಲಗಳ ಕೂಳೆಯ ಎಲೆ ಮಧ್ಯಾಹ್ನಕ್ಕೆಲ್ಲ ಸುರುಳಿ ಸುತ್ತುತ್ತಿತ್ತು. ನನ್ನ ಎಕರೆ ಮಾತ್ರ ಎಲೆ ಬಿಚ್ಚಿಕೊಂಡು, ಮೊಣಕಾಲೆತ್ತರ ಹಸಿರಾಗಿ ನಿಂತಿತ್ತು. ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ನಾನು ಅಲ್ಲೇ ಏನೋ ಕೆಲಸವಿದ್ದವನಂತೆ ಸುಳಿದಾಡುತ್ತಿದ್ದೆ.

ಒಂದು ಸುಡುಮಧ್ಯಾಹ್ನ ಅಣ್ಣ ಬಂದ. ಕುಳಿತು ರವದಿ ಸರಿಸಿ ಮಣ್ಣಿಗೆ ಅಂಗೈ ಊರಿದ. ಎದ್ದಾಗ ಅಂಗೈಗೆ ಹಸಿ ಮಣ್ಣು ಅಂಟಿತ್ತು.

"ಇದು ಕೌದಿ ಅಲ್ಲೋ," ಎಂದ. "ಕೌದಿ ಕಾವು ಹೊರಗ ಬಿಡೂದಿಲ್ಲ. ಇದು ಬಿಸಿಲನ್ನ ಒಳಗ ಬಿಡೂದಿಲ್ಲ. ಛತ್ರಿ ಇದು."

ನಾನು ತಿಂಗಳುಗಟ್ಟಲೆ ಹುಡುಕಿದ ಉತ್ತರ ಅದು. ಈಗ ಶಾಲೆಯಲ್ಲಿ ನನ್ನದೇ ಎನ್ನುವಂತೆ ಹೇಳುತ್ತೇನೆ.

ಮುಂದಿನ ಕಟಾವು ಮುಗಿದ ದಿನ ನಮ್ಮ ಅಷ್ಟೂ ಹೊಲದಲ್ಲಿ ಎಲ್ಲೂ ಹೊಗೆ ಏಳಲಿಲ್ಲ. ಕಾಕಾ ತಮ್ಮ ಅರ್ಧ ಹೊಲಕ್ಕೆ ರವದಿ ಹಾಸಿದರು. ಹೇಗೆ ಹಾಸಬೇಕೆಂದು ನನ್ನನ್ನಲ್ಲ, ಅಣ್ಣನನ್ನು ಕೇಳಿಕೊಂಡು. ಜಗತ್ತಿನ ಕೌದಿಯಲ್ಲಿ ಇದರಿಂದ ಒಂದು ಎಳೆಯೂ ಕಡಿಮೆಯಾಗಿರಲಿಕ್ಕಿಲ್ಲ. ಆದರೆ ಆ ಸಂಜೆ ಅವ್ವ ಅಂಗಳದ ತಂತಿಯಿಂದ ನನ್ನ ಬಿಳಿ ಅಂಗಿ ತೆಗೆದು, ಹಿಂದೆ ಮುಂದೆ ತಿರುವಿ ನೋಡಿ, ಕೊಡವದೆ ಹಾಗೇ ಮಡಚಿಟ್ಟಳು.