ಎಡಪಕ್ಕೆಯ ಮೂರು ಬರೆ

ನಮ್ಮ ನಾಯಿಯ ಗುಲ್ಮ ದೊಡ್ಡದಾಗಿರಬಹುದು ಎಂದು ಬಳ್ಳಾರಿಯ ಪಶುವೈದ್ಯರು ಹೇಳಿದ್ದನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. ಬರೀ ಜ್ವರ ಎಂದಿದ್ದರೆ ಸಾಕಿತ್ತು. ಇದ್ದದ್ದನ್ನು ಇದ್ದಂತೆ, ಸರಿಯಾದ ಹೆಸರಿನಿಂದಲೇ ಹೇಳುವುದು ನನ್ನ ಅಭ್ಯಾಸ. ಅದರಿಂದ ನೋವು ತಿಂದದ್ದು ನಾಯಿ.

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆಗ ನಾನಿದ್ದ ಬಾಡಿಗೆ ಕೋಣೆಯಲ್ಲಿ ನಾಯಿ ಇಟ್ಟುಕೊಳ್ಳಲು ಮಾಲಕರು ಒಪ್ಪಿರಲಿಲ್ಲ. ಹಾಗಾಗಿ ಅದು ಸಿರುಗುಪ್ಪದ ಮನೆಯಲ್ಲಿ ಅವ್ವ ಮತ್ತು ಅಣ್ಣನ ಜೊತೆ ಇತ್ತು. ನಾನು ಶನಿವಾರ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಮರಳುತ್ತಿದ್ದೆ. ಡಿಗ್ರಿ ಓದುವಾಗ ಬಸ್‌ಸ್ಟ್ಯಾಂಡಿನ ಹಿಂದೆ ಸಿಕ್ಕಿದ ಕಂದು ಬಣ್ಣದ ಹೆಣ್ಣು ಮರಿ ಅದು. ಈಗ ಅದಕ್ಕೆ ಎಂಟು ದಾಟಿದೆ.

ಆ ಶನಿವಾರ ಗೇಟಿನ ಸದ್ದಿಗೆ ಅದು ಏಳಲಿಲ್ಲ. ತುಟಿ ಎತ್ತಿ ನೋಡಿದೆ. ವಸಡು ಸುಣ್ಣದಂತೆ ಬಿಳಿಚಿತ್ತು. ಕಿವಿಯೊಳಗೆ ಉಣ್ಣೆಗಳಿದ್ದವು.

"ಬಿಸಲಿಗೆ ಹಂಗಾಗೇತಿ ಬಿಡು," ಎಂದ ಅಣ್ಣ. "ನಾಕು ದಿನ ಆತು, ಒಂದೀಟು ಮಜ್ಜಿಗಿ ಕುಡೀತೈತಿ, ಮಲಗತೈತಿ."

"ನಾಕು ದಿನ ಆತು, ನನಗ ಯಾರೂ ಹೇಳಲಿಲ್ಲ."

"ನಾಯಿ ಉಂಡಿಲ್ಲಂತ ಯಾರರ ಫೋನ್ ಮಾಡ್ತಾರೇನು?"

ಸೋಮವಾರ ರಜೆ ಹಾಕಿ ಅಣ್ಣನ ಕಾರಿನಲ್ಲೇ ನಾಯಿಯನ್ನು ಬಳ್ಳಾರಿಗೆ ಕರೆದೊಯ್ದೆ. ವೈದ್ಯರು ಎಡಗಡೆ, ಪಕ್ಕೆಲುಬು ಮುಗಿಯುವಲ್ಲಿ, ಎರಡು ಬೆರಳು ಇಟ್ಟು ಮೆಲ್ಲಗೆ ತಡವಿ ನೋಡಿದರು. ನಾನೂ ಕೈ ಚಾಚಿದೆ. "ಬ್ಯಾಡ್ರಿ, ನಾನೊಬ್ಬ ಮುಟ್ಟಿದ್ದು ಸಾಕು," ಎಂದರು. ಗುಲ್ಮ, ಅಂದರೆ ಸ್ಪ್ಲೀನ್, ಊದಿದ ಹಾಗಿದೆ, ಕಾರಣ ಎರಡಿರಬಹುದು ಎಂದು ವಿವರಿಸಿದರು. ಉಣ್ಣೆಯಿಂದ ಬರುವ ಜ್ವರವಾದರೆ ಮಾತ್ರೆಯಿಂದ ಇಳಿಯುತ್ತದೆ. ಗುಲ್ಮದಲ್ಲಿ ಗಡ್ಡೆ ಇದ್ದರೆ ಮಾತ್ರ ಕಷ್ಟ. ಜಿಗಿದರೆ, ಗುದ್ದಿದರೆ, ಒತ್ತಿದರೆ ಅದು ಒಡೆಯಬಹುದು. ಒಡೆದರೆ ಹೊಟ್ಟೆಯೊಳಗೇ ರಕ್ತ ಸೋರಿ ಸಾಯುತ್ತದೆ. ರಕ್ತಪರೀಕ್ಷೆ ಉಣ್ಣೆಜ್ವರದ ಕಡೆಗೇ ಬೊಟ್ಟು ಮಾಡುತ್ತಿತ್ತು. ಅಂದೇ ಮಾತ್ರೆ ಶುರು ಮಾಡಿದರು. ಗಡ್ಡೆ ಇದೆಯೋ ಇಲ್ಲವೋ ಸ್ಕ್ಯಾನ್ ಹೇಳಬೇಕು, ಸ್ಕ್ಯಾನ್ ಮಾಡುವವರು ಬರುವುದು ಗುರುವಾರ ಮಾತ್ರ.

ಮೂರು ದಿನ ಅದು ಒಡೆಯದಂತೆ ಕಾಯಬೇಕಿತ್ತು, ಅಷ್ಟೇ.

ಮನೆಗೆ ಬಂದು ಒಂದು ಚೀಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಜಿಗಿಯಲು ಬಿಡಬೇಡಿ. ಹೊಟ್ಟೆ ಒತ್ತಬೇಡಿ. ಬೆಳಿಗ್ಗೆ, ಸಂಜೆ ಊಟವಾದ ಮೇಲೆ ಮಾತ್ರೆ. ಅದರ ಜೊತೆ ಹಾಲು, ಮೊಸರು ಬೇಡ. ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆ. ಅವ್ವ ಚೀಟಿ ಓದಿ, "ಏನಾಗೇತಂತ ಅದಕ್ಕ?" ಎಂದು ಕೇಳಿದಳು.

"ಗುಲ್ಮ ಊದೇತಿ."

"ಗುಲ್ಮಕ್ಕ ಗುಳಿಗಿ ಯಾರು ಕೊಡ್ತಾರವ್ವ? ಗುಲ್ಮಕ್ಕ ಬರಿನೇ."

ನಮ್ಮ ಕಡೆ ಮಕ್ಕಳ ಹೊಟ್ಟೆ ಉಬ್ಬಿ ಜ್ವರ ಬಿಡದಿದ್ದರೆ ಗುಲ್ಮ ಎನ್ನುತ್ತಾರೆ, ಎಡಹೊಟ್ಟೆಯ ಮೇಲೆ ಬರೆ ಹಾಕಿಸುತ್ತಾರೆ. ದನಕ್ಕೂ ಹಾಕಿಸುತ್ತಾರೆ. ಕುರುಗೋಡಿನಲ್ಲಿ ಒಂದು ಮನೆಯವರು ತಲೆತಲಾಂತರದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾರೆ. ಆ ಮನೆಯ ಜಗಲಿಯ ಮೇಲೆ ನನ್ನನ್ನೂ ಮಲಗಿಸಿದ್ದರು. ನನಗೆ ಆಗ ನಾಲ್ಕು ವರ್ಷ. ಸುಟ್ಟ ಅರಿಶಿಣ ಕೊಂಬು ಹಿಡಿದವರ ಮುಖ ನೆನಪಿಲ್ಲ. ಕಾಲು ಹಿಡಿದ ಕೈ ನೆನಪಿದೆ, ಬಳೆ ಅವ್ವನದು. ಈ ವಿಷಯವನ್ನು ನಾನು ಯಾರ ಬಳಿಯೂ ಹೇಳಿಕೊಂಡವಳಲ್ಲ. ಅವ್ವ ಮಾತ್ರ ಎಲ್ಲರಿಗೂ ಹೇಳುತ್ತಾಳೆ, ಸಾಕ್ಷಿಯಾಗಿ.

ಆವತ್ತೂ ಹೇಳಿದಳು. "ನೀ ಬದುಕಿಲ್ಲೇನು?"

ನಾನು ಬದುಕಿದ್ದೇನೆ. "ಅದನ್ನ ಯಾರೂ ಕುರುಗೋಡಿಗೆ ಒಯ್ಯಬಾರದು," ಎಂದಷ್ಟೇ ಹೇಳಿದೆ. ಅಣ್ಣ ಟಿವಿ ನೋಡುತ್ತಲೇ "ಆತು" ಎಂದ. ನಾನು ನಂಬಿದೆ.

ಬುಧವಾರ ಮತ್ತು ಗುರುವಾರ ಬೆಳಿಗ್ಗೆ ಕಾಲೇಜಿನಲ್ಲಿ ಪರೀಕ್ಷೆ ಕೆಲಸವಿತ್ತು, ತಪ್ಪಿಸುವಂತಿರಲಿಲ್ಲ. ಗುರುವಾರ ಹತ್ತು ಗಂಟೆಗೆ ನಾಯಿಯನ್ನು ಆಸ್ಪತ್ರೆಗೆ ತರುವುದಾಗಿ ಅಣ್ಣ ಒಪ್ಪಿದ್ದ. ಹನ್ನೊಂದಕ್ಕೆ ನಾನು ಅಲ್ಲಿ ತಲುಪಿದಾಗ ಅವರು ಬಂದಿರಲಿಲ್ಲ. ಇಬ್ಬರೂ ಫೋನ್ ಎತ್ತಲಿಲ್ಲ. ಹನ್ನೆರಡೂವರೆಗೆ ಕಾರು ಬಂತು.

ಹಿಂದಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ಸುಟ್ಟ ಕೂದಲಿನ ವಾಸನೆ. ಎಡಪಕ್ಕೆಯ ಕೆಳಗೆ ಬೆರಳುದ್ದದ ಮೂರು ಗೆರೆಗಳು, ಮೇಲೆ ಬೂದಿ ಬಳಿದಿತ್ತು. ನಾಯಿ ನನ್ನನ್ನು ನೋಡಿತು, ಬಾಲ ಆಡಿಸಲಿಲ್ಲ. ಪಕ್ಕದಲ್ಲಿ ಅವ್ವ ಮೊಸರನ್ನದ ಖಾಲಿ ಡಬ್ಬಿ ಹಿಡಿದು ಕೂತಿದ್ದಳು.

"ಎಲ್ಲಿಗೆ ಹೋಗಿದ್ರಿ?"

"ಕುರುಗೋಡಿಗೆ," ಎಂದ ಅಣ್ಣ. "ದಾರ್ಯಾಗ ಐತಲ್ಲ."

"ದಾರ್ಯಾಗ ಇಲ್ಲ."

"ಒಂದೀಟು ಸುತ್ತಾಕ್ಕತಿ. ಅದಕ್ಕೂ ಮೇಡಂನೋರ ಪರ್ಮಿಷನ್ ಬೇಕೇನು?"

"ಹಿಡದೋರು ಯಾರು?"

"ನಾನು ಕುತ್ತಿಗಿ ಹಿಡದೆ. ಅಲ್ಲಿಯೋರೊಬ್ರು ಹೊಟ್ಟಿ ಮ್ಯಾಲ ಮೊಣಕಾಲು ಊರಿದ್ರು. ಇಲ್ಲಾಂದ್ರ ಕಡೀತಿತ್ತು."

"ಚೀಟಿ ಓದಿದ್ದಿಲ್ಲೇನು?"

"ಓದೀನಿ. ಒತ್ತಬ್ಯಾಡಂತ ಬರದೀದಿ. ಹಿಡೀಬ್ಯಾಡಂತ ಎಲ್ಲಿ ಬರದೀದಿ?"

ಅವನು ನಗುತ್ತಿದ್ದ. ಒಬ್ಬ ಮನುಷ್ಯನ ಮುಖ ನನಗೆ ಅಷ್ಟು ಅಸಹ್ಯವಾಗಿ ಕಂಡದ್ದು ಅದೇ ಮೊದಲು.

ಅವ್ವ ಕೆಳಗಿಳಿದು ಸೆರಗು ಸರಿಪಡಿಸಿಕೊಂಡಳು. "ಗುಳಿಗಿ ನಿನ್ನೆಯಿಂದ ಕೊಟ್ಟಿಲ್ಲ," ಎಂದಳು, ಒಳ್ಳೆಯ ಕೆಲಸ ಮಾಡಿದವಳಂತೆ. "ಹೊಟ್ಟ್ಯಾಗ ಔಷಧ ಇದ್ರ ಬರಿ ಹತ್ತಂಗಿಲ್ಲಂತ, ಕುರುಗೋಡಿನೋರು ಫೋನಿನ್ಯಾಗೇ ಹೇಳಿದ್ರು. ಬರಿ ಆದ ಮ್ಯಾಲ ಮೊಸರನ್ನ ತಿನ್ನಸ್ಬೇಕಂದ್ರು, ತಿನ್ನಿಸೀನಿ."

"ಅದನ್ನ ಕೊಲ್ಲಾಕ ನಿಮ್ಮ ಕೈಯಾಗ ಕೊಟ್ಟು ಹೋಗಿದ್ದೆ ನಾನು."

"ಏನ್ ಮಾತಾಡ್ತಿ? ಹೊಟ್ಟ್ಯಾಗ ಹುಟ್ಟಿದ ಮಗಳಿಗೇ ಹಾಕ್ಸಿದಾಕಿ ನಾನು. ನಾಯಿಗೆ ಹಾಕ್ಸಿದ್ರ ತಪ್ಪೇನು?"

"ಆವತ್ತೂ ತಪ್ಪೇ."

ಇಪ್ಪತ್ತಮೂರು ವರ್ಷ ನಾನು ಆ ಮಾತು ಆಡಿರಲಿಲ್ಲ. ಆಸ್ಪತ್ರೆಯ ಮುಂದೆ, ಆಡಿನ ಮರಿ ಹಿಡಿದು ನಿಂತಿದ್ದ ಅಪರಿಚಿತರ ಎದುರು ಆಡಿದೆ. ಅವ್ವ ಕಾರಿನೊಳಗೆ ಹೋಗಿ ಕೂತಳು. ನನಗೆ ಪಶ್ಚಾತ್ತಾಪವಾಗಲಿಲ್ಲ.

ನಾಯಿಯನ್ನು ನಾನೇ ಎತ್ತಿ ಒಳಗೆ ಒಯ್ದೆ. ಅಣ್ಣ ಹಿಂದೆ ಬಂದ. ವೈದ್ಯರು ಗಾಯ ನೋಡಿ ತಲೆ ಎತ್ತಲಿಲ್ಲ. ಹೊಟ್ಟೆ ತುಂಬಿದ್ದರಿಂದ ಸ್ಕ್ಯಾನ್ ತಡವಾಯಿತು. ಅದರ ಮೂತಿಯನ್ನು ನನ್ನ ತೋಳಿನ ಮೇಲಿಟ್ಟುಕೊಂಡು ಪರದೆಯತ್ತ ನೋಡಿದೆ. ಬೂದು ಬಣ್ಣ ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ. ಕೊನೆಗೆ ಸ್ಕ್ಯಾನ್ ಮಾಡುವವರು ಹೇಳಿದರು: ಗುಲ್ಮ ಒಂದೇ ಸಮನಾಗಿ ಊದಿದೆ, ಗಡ್ಡೆ ಇಲ್ಲ, ರಕ್ತ ಸೋರಿಲ್ಲ.

ವೈದ್ಯರು ಆಗ ಅಣ್ಣನ ಕಡೆ ತಿರುಗಿದರು. "ಒಳಗ ಗಡ್ಡಿ ಇದ್ದಿದ್ರ ನೀವು ಇಲ್ಲಿತನಕ ತರ್ತಿದ್ದಿಲ್ರಿ. ದಾರ್ಯಾಗ ಕುಣಿ ತೋಡ್ತಿದ್ರಿ. ಗುಳಿಗಿ ನಾಕು ವಾರ ಒಂದಿನಾನೂ ತಪ್ಪಬಾರದು."

ಅಣ್ಣ ತಲೆಯಾಡಿಸಿದ. ಹೊರಗೆ ಬಂದವನೇ ಕಾರಿನ ಕಿಟಕಿಗೆ ಬಾಗಿದ. "ಗಡ್ಡಿ ಇಲ್ಲಂತಬೇ. ಬರಿ ಹತ್ತೇತಿ."

ಬರೆ ಹಾಕಿ ಮೂರು ತಾಸೂ ಆಗಿರಲಿಲ್ಲ.

ಅಂದಿನಿಂದ ನಾನು ಸಿರುಗುಪ್ಪದಿಂದಲೇ ಕಾಲೇಜಿಗೆ ಓಡಾಡತೊಡಗಿದೆ. ಬೆಳಿಗ್ಗೆ ಆರಕ್ಕೆ ಅನ್ನ, ಬೇಯಿಸಿದ ಮೊಟ್ಟೆ, ಮಾತ್ರೆ. ಸಂಜೆ ಬಂದು ಅದೇ. ಗಂಟಲು ಸವರಿ, ನುಂಗಿದ್ದನ್ನು ನೋಡಿಯೇ ಏಳುತ್ತಿದ್ದೆ. ಮಾತ್ರೆಯ ಸ್ಟ್ರಿಪ್ ಬಳ್ಳಾರಿಗೆ ಹೋಗುವಾಗಲೂ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು.

"ಮನ್ಯಾಗ ಕಳ್ಳರು ಅದೀವೇನು?" ಎಂದಳು ಅವ್ವ.

"ಕಳ್ಳರು ಒಯ್ತಾರ. ನೀವು ಕೊಡೋದು ಬಿಡ್ತೀರಿ."

ನಮ್ಮ ನಡುವೆ ಆ ತಿಂಗಳು ನಡೆದ ಮಾತುಕತೆಯೆಲ್ಲ ಹೀಗೆಯೇ. ನಡುವಿನ ಬರೆಯಲ್ಲಿ ಕೀವಾಯಿತು, ಮುಲಾಮು ಹಚ್ಚಿದೆ. ಐದನೆಯ ದಿನ ನಾಯಿ ತಾನಾಗಿ ತಿಂದಿತು. ಹತ್ತನೆಯ ದಿನ ಗೇಟಿನವರೆಗೆ ಬಂತು. ಅದೇ ಸಂಜೆ ಅವ್ವ ಗಂಗಾವತಿಯ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಡಾಕ್ಟ್ರು ಕೈ ಬಿಟ್ಟಿದ್ದರಬೇ. ಕುರುಗೋಡಿಗೆ ಒಯ್ದು ಮೂರು ಬರಿ ಹಾಕ್ಸಿದಿವಿ, ಎದ್ದು ನಿಂತತು." ನಾನು ಪಕ್ಕದಲ್ಲೇ ಅನ್ನ ಕಲಸುತ್ತಿದ್ದೆ. ಅವಳು ದನಿಯನ್ನು ತಗ್ಗಿಸಲೂ ಇಲ್ಲ. ಅವಳು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆಂದೇ ನಂಬಿದ್ದಳು. ಇನ್ನೊಮ್ಮೆ ಜ್ವರ ಬಂದರೆ ಮತ್ತೆ ಒಯ್ಯುತ್ತಾಳೆ ಎಂಬುದು ಆಗ ನನಗೆ ಖಚಿತವಾಯಿತು.

ಮರುದಿನ ಕಾಲೇಜು ಮುಗಿಸಿ ಬಳ್ಳಾರಿಯ ಕೌಲ್ ಬಜಾರಿಗೆ ಹೋಗಿ ಮನೆ ಹುಡುಕಿದೆ. ಟೈಲರ್ ಅಂಗಡಿಯೊಂದರ ಮೇಲೆ ಒಂದೂವರೆ ಕೋಣೆ ಸಿಕ್ಕಿತು. ಮಾಲಕಿ, "ನಾಯಿ ಇದ್ರ ಇರ್ಲಿ, ಮೆಟ್ಟಲ ಮ್ಯಾಲ ಹೊಲಸು ಮಾಡಬಾರದು ಅಷ್ಟ," ಎಂದರು.

ನಾಲ್ಕು ವಾರ ಮುಗಿದ ಗುರುವಾರ ಮತ್ತೆ ಸ್ಕ್ಯಾನ್ ಇತ್ತು. ಅಣ್ಣ ಕಾರು ತಂದು ನಿಲ್ಲಿಸಿ ಹಿಂದಿನ ಬಾಗಿಲು ತೆಗೆದ. ನಾಯಿ ಮಂಚದ ಕೆಳಗೆ ಸೇರಿಕೊಂಡಿತು.

"ಬಾರಲೇ, ನಾನೇನು ಹುಲಿ ಅದೀನೇನು?"

"ನೀ ಅತ್ಲಾಗ ಸರಿ," ಎಂದೆ. ನಾನು ಕರೆದಿದ್ದ ಆಟೊ ಬೀದಿಯ ತಿರುವಿನಲ್ಲಿ ಬರುತ್ತಿತ್ತು. ಅದರೊಳಗೆ ಹಾಸಿಗೆ, ಸರಪಳಿ, ನಾಯಿಯ ಬಟ್ಟಲು ಇಟ್ಟೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬಟ್ಟಲ ಯಾಕ? ಸಂಜೀಗೆ ಬರ್ತೀರಲ್ಲ?"

"ಅದು ಬರಂಗಿಲ್ಲ."

ಅವಳು ಆಟೊದೊಳಗಿನ ಹಾಸಿಗೆಯನ್ನು ನೋಡಿದಳು. "ಒಯ್ಯಿ," ಎಂದಳು. "ಉಳಿಸಿದೋರು ನಾವು, ಅದು ನೆನಪಿರ್ಲಿ."

ನಾನು ನಾಯಿಯನ್ನು ಎಡಗಡೆ ತಾಗದಂತೆ ಎತ್ತಿಕೊಂಡು ಹತ್ತಿದೆ.

ಗುಲ್ಮ ಮೊದಲಿನ ಗಾತ್ರಕ್ಕೆ ಇಳಿದಿದೆ, ಇನ್ನು ಓಡಾಡಲಿ, ಜಿಗಿಯಲಿ ಎಂದು ಬಳ್ಳಾರಿಯಲ್ಲಿ ವೈದ್ಯರು ಹೇಳಿದರು. ಸಂಜೆ ಅಣ್ಣನ ಮೆಸೇಜ್ ಬಂತು: "ಡಾಕ್ಟ್ರು ಏನಂದ್ರು?" ಓದಿದೆ. ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.